ಮೌಲಾಬಿಯ ಕೆಂಪು ಪಟ್ಟಿ

ನನ್ನ ಅಜ್ಜಿ ಜೋಹರಾಳ ಹೆಸರನ್ನು ಇಳಕಲ್ಲಿನ ಒಂದಿಡೀ ಓಣಿಯಲ್ಲಿ ಕೆಡಿಸಿದವಳು ಮೌಲಾಬಿ. ಆಮೇಲೆ ಅದೇ ಹೆಸರನ್ನು ತೊಳೆಯಲು ಹೋಗಿ ಇನ್ನಷ್ಟು ಕೆಡಿಸಿದವಳೂ ಅವಳೇ. ಅಂಥವಳ ಬಗ್ಗೆ ನಾನು ಯಾಕೆ ಬರೆಯಬೇಕು ಎಂದು ನನ್ನ ತಂಗಿ ಕೇಳುತ್ತಾಳೆ. ಸಿಟ್ಟಿದೆ, ಅದಕ್ಕೇ ಬರೆಯುತ್ತೇನೆ. ಆ ಸಿಟ್ಟಿನಲ್ಲಿ ಮೌಲಾಬಿಯ ಪಾಲೆಷ್ಟು, ಓಣಿಯ ಪಾಲೆಷ್ಟು ಎಂದು ನನಗೆ ಇನ್ನೂ ಬಗೆಹರಿದಿಲ್ಲ.

ಮೌಲಾಬಿ ಬಾದಾಮಿಯ ಕಡೆಯವಳು. ಎಂಟು ವರ್ಷದವಳಿದ್ದಾಗ ಅವಳ ಎರಡೂ ಕಾಲಿಗೆ ಇಸಬು ಹತ್ತಿ, ಮೊಣಕಾಲಿನ ತನಕ ನೀರು ಸೋರತೊಡಗಿತ್ತಂತೆ. ತಂದೆ ಮೀರಾಸಾಬ ಮಗಳನ್ನು ಹೆಗಲ ಮೇಲೆ ಹೊತ್ತು ಚೊಳಚಗುಡ್ಡದ ಮಾಯವ್ವನ ಹತ್ತಿರ ಹೋದ. ಮಾಯವ್ವ ಗುಡ್ಡದ ಸೊಪ್ಪು ಬೇರುಗಳಿಂದ ತೊಗಲಿನ ರೋಗ ವಾಸಿಮಾಡುವ ಮುದುಕಿ. ಅವಳು ಹುಡುಗಿಯ ಕಾಲನ್ನು ನೋಡಲೇ ಇಲ್ಲ. ಮೊದಲು ನಾಲಿಗೆ ನೋಡಿದಳು, ಹೊಟ್ಟೆ ಒತ್ತಿದಳು, ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಕೇಳಿದಳು, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೋ ಎಂದೂ ಕೇಳಿದಳು. ಉಪ್ಪಿನಕಾಯಿ ಬಿಡಿಸಿ, ಹೊತ್ತು ಮುಳುಗುತ್ತಲೇ ಮಲಗಿಸಿ, ಬೇವಿನ ತಪ್ಪಲಿನ ನೀರಿನಲ್ಲಿ ತೊಳೆದು, ಹೊಂಗೆ ಎಣ್ಣೆ ಹಚ್ಚಿ ನಲವತ್ತು ದಿನದಲ್ಲಿ ಕಾಲು ನೆಟ್ಟಗೆ ಮಾಡಿ ಕಳಿಸಿದಳು. ಹುಡುಗಿ ಮಾತ್ರ ಮುದುಕಿಯನ್ನು ಬಿಡಲಿಲ್ಲ. ಮದುವೆಯಾಗುವ ತನಕ ಅವಳ ಸೆರಗು ಹಿಡಿದು ಗುಡ್ಡ ಹತ್ತಿದಳು, ಮಹಾಕೂಟದ ಹಾದಿಯಲ್ಲಿ ಯಾವ ಬಳ್ಳಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಕಲಿತಳು.

“ತೊಗಲು ಅಂದ್ರ ಮನಿ ಗ್ವಾಡಿ ಇದ್ದಂಗ. ಒಳಗ ಸೋರಿದ್ರ ಹೊರಗ ಕಲಿ ಕಾಣ್ತೈತಿ. ಬರೇ ಸುಣ್ಣಾ ಬಳದ್ರ ಏನು ಬಂತು?” ಇದು ಮಾಯವ್ವ ಹೇಳಿದ್ದು. ಮೌಲಾಬಿ ಅದನ್ನೇ ಜೀವನವಿಡೀ ಹೇಳಿದಳು. ಮನೆಮಾತು ಉರ್ದು, ಆದರೆ ಸಿಟ್ಟು ಬಂದಾಗ ಅವಳ ಬಾಯಿಂದ ಬರುತ್ತಿದ್ದುದು ಕನ್ನಡ. ಸಿಟ್ಟು ಸದಾ ಬರುತ್ತಿದ್ದುದರಿಂದ ಅವಳ ಕನ್ನಡ ಬಹಳ ಚೆನ್ನಾಗಿತ್ತು.

ಹದಿನೈದಕ್ಕೆ ಇಳಕಲ್ಲಿನ ನೇಕಾರನೊಬ್ಬನಿಗೆ ಮದುವೆಯಾಗಿ ಬಂದಳು. ಅವಳಿಗೆ ಇಪ್ಪತ್ತಾರಾದಾಗ ಅವನು ತೀರಿಕೊಂಡ. ಮಕ್ಕಳಿರಲಿಲ್ಲ. ಅವಳ ಪಡಸಾಲೆಯಲ್ಲಿ ದಿನ ಬೆಳಗಾದರೆ ಗಜಕರ್ಣದವರು, ತುರಿಯವರು, ಹಿಮ್ಮಡಿ ಒಡೆದವರು ಬಂದು ಕೂರುವುದು ಆಗಲೇ ಶುರುವಾಯಿತು. ಒಬ್ಬೊಬ್ಬರಿಗೂ ಹೊತ್ತುಗಟ್ಟಲೆ ಪ್ರಶ್ನೆ. ಯಾವ ಬಾವಿಯ ನೀರು ಕುಡಿಯುತ್ತೀ, ಬೆವರು ಬಟ್ಟೆಯ ಮೇಲೆ ಬೆಳ್ಳಗೆ ಕೂರುತ್ತದೋ, ಬಹಿರ್ದೆಸೆಗೆ ಸರಿಯಾಗಿ ಹೋಗುತ್ತೀಯೋ, ಯಾರ ಮೇಲಾದರೂ ಹೊಟ್ಟೆಯಲ್ಲಿ ಸಿಟ್ಟು ಇಟ್ಟುಕೊಂಡಿದ್ದೀಯೋ. ಹುನಗುಂದದಿಂದ ಬಂದ ಮಲಕಪ್ಪನೆಂಬ ಕುರಿಗಾರ ತಾಳ್ಮೆಗೆಟ್ಟು ಎದ್ದು ನಿಂತಿದ್ದನಂತೆ. “ಎಣ್ಣಿ ಕೊಡಬೇ ಯವ್ವಾ! ತುರಸೂದು ತೊಡಿ, ನೀ ಕೇಳೂದು ನನ್ನ ಹೆಂಡ್ತಿ ಸುದ್ದಿ!”

ಎಲ್ಲರೂ ಹಾಗೆಯೇ. ಎಣ್ಣೆ ಬೇಕು, ಪಥ್ಯ ಬೇಡ. ಪಥ್ಯವೆಂದರೆ ಬದನೆಕಾಯಿ ಬಿಡಬೇಕು, ಒಣಮೀನು ಬಿಡಬೇಕು, ಹುಣಸೆಹುಳಿ ಬಿಡಬೇಕು, ಉಪ್ಪು ಚಿಟಿಕೆಯಷ್ಟು. ಹತ್ತು ಜನರಲ್ಲಿ ಒಂಬತ್ತು ಜನ ಹೂಂ ಎಂದು ತಲೆಯಾಡಿಸಿ, ಮನೆಗೆ ಹೋಗಿ ಎಣ್ಣೆಗಾಯಿ ಹೊಡೆದು, ತಿಂಗಳ ಮೇಲೆ ತುರಿಸಿಕೊಳ್ಳುತ್ತ ಬಂದು “ನಿನ್ನ ಔಷಧ ಹತ್ತಲಿಲ್ಲ” ಎನ್ನುತ್ತಿದ್ದರು. ಮೌಲಾಬಿ ಅವರ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿ, “ನಿನ್ನೆ ರಾತ್ರಿ ಬದನಿಕಾಯಿ” ಎಂದರೆ ಅವರು ಕಳ್ಳರ ಹಾಗೆ ನೆಲ ನೋಡುತ್ತಿದ್ದರು. ಹೀಗೆ ಇಪ್ಪತ್ತು ವರ್ಷ. ರೋಗ ವಾಸಿಯಾಗದಿದ್ದರೆ ರೋಗಿ ಸುಳ್ಳು ಹೇಳುತ್ತಿದ್ದಾನೆ ಎಂದೇ ಅರ್ಥ ಎಂಬುದು ಅವಳ ಮನಸ್ಸಿನಲ್ಲಿ ಕಲ್ಲಿನ ಹಾಗೆ ಕೂತಿತು. ಅನುಭವದಿಂದ ಕಲಿತದ್ದು ಎನ್ನುತ್ತಿದ್ದಳು. ಅನುಭವವೂ ಮನುಷ್ಯರನ್ನು ಕುರುಡು ಮಾಡುತ್ತದೆ.

ಈಗ ಪಟ್ಟಿಯ ಮಾತು. ಎಣ್ಣೆ ಹಚ್ಚಿದ ಮೇಲೆ ಗಾಯಕ್ಕೆ ಕೆಂಪು ಬಟ್ಟೆಯನ್ನೇ ಕಟ್ಟಬೇಕು ಎಂದು ಮಾಯವ್ವ ಕಲಿಸಿದ್ದಳು. ಕೆಂಪು ರಕ್ತವನ್ನು ತೊಗಲಿನ ಕಡೆಗೆ ಎಳೆಯುತ್ತದೆ ಎಂಬ ನಂಬಿಕೆ. ಬಾದಾಮಿಯಲ್ಲಿ ಕೆಂಪು ಬಟ್ಟೆ ಹುಡುಕಬೇಕಾಗಿತ್ತು, ಇಳಕಲ್ಲಿನಲ್ಲಿ ಕೇಳಬೇಕೇ? ಇಲ್ಲಿನ ಸೀರೆಯ ಸೆರಗೇ ಕೆಂಪು ರೇಷ್ಮೆ. ಸೀರೆ ಕೊಯ್ದ ಮೇಲೆ ಮಗ್ಗದಲ್ಲಿ ಗೇಣುದ್ದದ ತುಂಡು ಉಳಿಯುತ್ತದೆ. ಹೆಂಗಸರು ಅದನ್ನು ತೆಗೆದಿಟ್ಟು ಮೌಲಾಬಿಗೆ ಕೊಡುತ್ತಿದ್ದರು, ಅದೇ ಅವಳ ಫೀಜು. ಅವಳು ಅದನ್ನು ಸೀಳಿ ಪಟ್ಟಿ ಮಾಡಿ, ಆಮೇಲೆ ಬಂದ ರೋಗಿಗಳಿಗೆ ಕಟ್ಟಿ ಕಳಿಸುತ್ತಿದ್ದಳು.

ಸಾವಿರದ ಒಂಬೈನೂರ ಆರೋ ಏಳೋ ಇರಬೇಕು, ಆ ತುಂಡುಗಳು ಒಮ್ಮೆಲೇ ಕಣ್ಣು ಕುಕ್ಕುವಷ್ಟು ಕೆಂಪಾದವು. ಮೌಲಾಬಿಗೆ ಖುಷಿಯೋ ಖುಷಿ. ಕೆಂಪು ಹೆಚ್ಚಾದಷ್ಟೂ ಗುಣ ಹೆಚ್ಚು ಎಂದು ಹಳೆಯ ಮಂಕು ಪಟ್ಟಿಗಳನ್ನು ಟ್ರಂಕಿನ ತಳಕ್ಕೆ ತುರುಕಿ ಹೊಸವನ್ನೇ ಬಳಸತೊಡಗಿದಳು. ಅದೇ ವರ್ಷದಿಂದ ಅವಳ ರೋಗಿಗಳು ವಾಸಿಯಾಗುವುದು ನಿಂತಿತು. ಅವಳ ಬೈಗುಳ ಮಾತ್ರ ಹೆಚ್ಚಿತು. “ಈ ಊರಾಗ ಖರೆ ಹೇಳೂ ಬಾಯಿ ಒಂದೂ ಉಳದಿಲ್ಲ” ಎಂದು ಬೀದಿಯಲ್ಲಿ ನಿಂತು ಕೂಗುತ್ತಿದ್ದಳಂತೆ.

ಆ ಹೊತ್ತಿಗೆ ನನ್ನ ಅಜ್ಜಿ ಹುನಗುಂದದಿಂದ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಹದಿನಾರು ವಯಸ್ಸು. ಗಂಡ ಜಹಾಂಗೀರ ಮಗ್ಗದಲ್ಲಿ ಕೂರುತ್ತಿದ್ದ, ಅತ್ತೆ ಕಾಸಿಂಬಿ ಮನೆಯಲ್ಲಿ ಎಲ್ಲರ ತಲೆಯ ಮೇಲೆ ಕೂರುತ್ತಿದ್ದಳು. ಜೋಹರಾಳದು ಕೊಂಡಿ ಹಾಕುವ ಕೆಲಸ. ಸೀರೆಯ ಮೈಯ ಹತ್ತಿ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಸಿಕ್ಕಿಸಿ ಕೂಡಿಸುವುದು. ಸಾವಿರಾರು ಎಳೆ, ಎಲ್ಲವೂ ಬೆರಳ ತುದಿಯಲ್ಲಿ. ಬೆರಳು ಸ್ವಲ್ಪ ಒರಟಾದರೂ ರೇಷ್ಮೆ ಸಿಕ್ಕಿ ಎಳೆ ಏಳುತ್ತದೆ, ಸೆರಗು ಹಾಳಾಗುತ್ತದೆ. ಆ ಚಳಿಗಾಲದಲ್ಲಿ ಅವಳ ಬೆರಳುಗಳು ಒಡೆದವು. ಅಷ್ಟೇ. ಎಲ್ಲರಿಗೂ ಒಡೆಯುವ ಹಾಗೆ.

ಕಾಸಿಂಬಿ ಸೊಸೆಯನ್ನು ಮೌಲಾಬಿಯ ಹತ್ತಿರ ಕರೆದೊಯ್ದಳು. ಮೌಲಾಬಿ ನೋಡಿ, “ಇಪ್ಪತ್ತೊಂದ ದಿನದಾಗ ರೇಷ್ಮಿ ಆಕ್ಕೈತಿ” ಎಂದು ಎಣ್ಣೆ ಹಚ್ಚಿ, ಎರಡೂ ಕೈಗೆ ಪಟ್ಟಿ ಸುತ್ತಿ, ಪಥ್ಯ ಹೇಳಿ ಕಳಿಸಿದಳು. ಇಪ್ಪತ್ತೊಂದು ದಿನದ ಮೇಲೆ ಬಿರುಕಿದ್ದಲ್ಲಿ ಗುಳ್ಳೆಗಳಿದ್ದವು. ಮತ್ತೆ ಎಣ್ಣೆ, ಮತ್ತೆ ಪಟ್ಟಿ. ಗುಳ್ಳೆ ಒಡೆದು ರಸಿಗೆ ಸೋರಿತು. ಮೂರನೆಯ ಸಲ ಮೌಲಾಬಿ ತಾನೇ ಕಾಸಿಂಬಿಯ ಬಾಗಿಲಿಗೆ ಬಂದಳು. ಓಣಿಯ ಹೆಂಗಸರೆಲ್ಲ ನೀರಿಗೆ ಹೊರಟ ಹೊತ್ತು.

“ನಿನ್ನ ಸೊಸಿ ಕದ್ದು ಬದನಿಕಾಯಿ ತಿನ್ನಾಕತ್ಯಾಳ” ಎಂದಳು.

“ನಾ ತಿಂದಿಲ್ಲ” ಎಂದಳು ಜೋಹರಾ.

“ಸುಳ್ಳ ಹೇಳಬ್ಯಾಡ! ನಿನ್ನ ಕೈನ ಹೇಳಾಕತ್ತೈತಿ.”

ಕಾಸಿಂಬಿಗೆ ತಕ್ಷಣ ಎಲ್ಲವೂ ನೆನಪಾಯಿತು. ಹೋದ ವಾರ ಪಲ್ಯದ ಗಡಿಗೆ ಇಟ್ಟದ್ದಕ್ಕಿಂತ ಕೆಳಗಿಳಿದಿತ್ತು. ಹಿತ್ತಿಲಿನ ಬದನೆ ಗಿಡದಲ್ಲಿ ಎರಡು ಕಾಯಿ ಕಡಿಮೆಯಿದ್ದವು. ಹಸಿದ ಸೊಸೆಯ ಮೇಲೆ ಅನುಮಾನ ಬಂದ ಮೇಲೆ ಗಡಿಗೆ ತಾನೇ ಖಾಲಿಯಾಗುತ್ತದೆ. ಅಂದು ಸಂಜೆಯೊಳಗೆ ಓಣಿಯ ಮಕ್ಕಳು ನನ್ನ ಅಜ್ಜಿಯನ್ನು “ಬದನಿಕಾಯಿ ಜೋಹರಾ” ಎಂದು ಕರೆಯತೊಡಗಿದ್ದರು. ಜಹಾಂಗೀರ, ಅಂದರೆ ನನ್ನ ಅಜ್ಜ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಲಾಳಿ ಎಸೆಯುತ್ತಿದ್ದ. ಅವನ ಬಾಯಿಂದ ಒಂದು ಮಾತು ಬರಲಿಲ್ಲ. ಅಜ್ಜನೆಂದು ನಾನು ಬಿಡುವುದಿಲ್ಲ. ಆ ಮನೆಯಲ್ಲಿ ಮಗ್ಗಕ್ಕಿದ್ದಷ್ಟು ಸದ್ದೂ ಅವನಿಗಿರಲಿಲ್ಲ.

ಕೈ ಇನ್ನೂ ಕೆಟ್ಟಿತು. ಇದು ದೊಡ್ಡ ರೋಗವೇ ಇರಬೇಕು ಎಂದು ಯಾರೋ ಪಿಸುಗುಟ್ಟಿದರು. ಕುಷ್ಠ ಎಂಬ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಜೋಹರಾಳ ತಾಟನ್ನು ಬೇರೆ ಇಟ್ಟರು. ಕಾಸಿಂಬಿ ಸೊಸೆಯನ್ನು ಹುನಗುಂದಕ್ಕೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುವ ಮಾತೆತ್ತಿದಳು. ಆಗ ಮೌಲಾಬಿ ಅಡ್ಡ ಬಂದಳು. “ದೊಡ್ಡ ರೋಗ ಅಲ್ಲ, ಬಾಯಿಚಪಲ. ಇಪ್ಪತ್ತೊಂದ ದಿನ ನನ್ನ ಮನ್ಯಾಗ ಬಿಡು. ನನ್ನ ಕಣ್ಣ ಮುಂದ ಉಣ್ಣಲಿ. ವಾಸಿ ಆಗಲಿಲ್ಲ ಅಂದ್ರ ನೀ ಏನಾರ ಮಾಡ್ಕೋ.” ಇದು ಕರುಣೆಯೆಂದು ಯಾರೂ ತಿಳಿಯಬಾರದು. ಹುಡುಗಿಯ ಸುಳ್ಳನ್ನು ಊರಿಗೆ ತೋರಿಸಬೇಕೆಂಬ ಹಟ ಅವಳದು.

ಹಾಗೆ ಜೋಹರಾ ಮೌಲಾಬಿಯ ಮನೆಗೆ ಬಂದಳು. ಎರಡೂ ಕೈಗೆ ಪಟ್ಟಿ ಇದ್ದುದರಿಂದ ಮೌಲಾಬಿಯೇ ಅವಳಿಗೆ ತುತ್ತು ಮಾಡಿ ಉಣಿಸುತ್ತಿದ್ದಳು. ಸಪ್ಪೆ ರೊಟ್ಟಿ, ಹೆಸರುಬೇಳೆ, ಮಜ್ಜಿಗೆ. ಹಿತ್ತಿಲಿಗೆ ಹೋದರೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಒಂಬತ್ತು ದಿನ ಹೀಗೆ ನಡೆಯಿತು. ಕೈ ಒಂದಿಷ್ಟೂ ಸುಧಾರಿಸಲಿಲ್ಲ. ಮೌಲಾಬಿಗೆ ಅನ್ನ ಸೇರದಾಯಿತು. ಪಥ್ಯ ಮುರಿದಿಲ್ಲ, ನಿದ್ದೆ ಸರಿಯಿದೆ, ಹೊಟ್ಟೆ ಸರಿಯಿದೆ, ಬಾವಿಯೂ ಬೇರೆ. ಇನ್ನೇನು ಉಳಿಯಿತು?

ಒಂಬತ್ತನೆಯ ದಿನ ಪಟ್ಟಿ ಸಾಲದೆ ಬಂತು. ಬಲಗೈಗೆ ಕೆಂಪು ಸುತ್ತಿ, ಎಡಗೈಗೆ ಗೊಣಗುತ್ತಲೇ ಸತ್ತ ಗಂಡನ ಹಳೆಯ ಬಿಳಿ ರುಮಾಲು ಹರಿದು ಸುತ್ತಿದಳು. ಹನ್ನೆರಡನೆಯ ದಿನ ಬೆಳಿಗ್ಗೆ ಬಿಚ್ಚಿದಾಗ ಎಡಗೈ ಒಣಗಿತ್ತು. ಗುಳ್ಳೆಗಳು ಹೊಟ್ಟಾಗಿ ಉದುರುತ್ತಿದ್ದವು. ಬಲಗೈ ಮೊದಲಿನಂತೆಯೇ ರಸಿಗೆ.

“ಬಲಗೈ ಉಣ್ಣೂ ಕೈ, ಅದಕ್ಕ” ಎಂದಳು ಮೌಲಾಬಿ.

“ಉಣಿಸಾಕತ್ತಾಕಿ ನೀ” ಎಂದಳು ಜೋಹರಾ.

ಮೌಲಾಬಿ ತಂಬಿಗೆಯಲ್ಲಿ ಉಗುರು ಬೆಚ್ಚಗಿನ ನೀರು ತಂದು, ಬಿಚ್ಚಿದ ಕೆಂಪು ಪಟ್ಟಿಯನ್ನು ಅದರಲ್ಲಿ ಅದ್ದಿದಳು. ನೀರು ರಕ್ತದಂತಾಯಿತು. ಓಡಿಹೋಗಿ ಟ್ರಂಕಿನ ತಳದಿಂದ ಹಳೆಯ ಮಂಕು ಪಟ್ಟಿಯೊಂದನ್ನು ತೆಗೆದು ಬೇರೆ ನೀರಿನಲ್ಲಿ ಅದ್ದಿದಳು. ನೀರು ತಿಳಿಯಾಗಿಯೇ ಇತ್ತು. ಅವಳು ಎಷ್ಟೋ ಹೊತ್ತು ಎರಡು ತಂಬಿಗೆಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದಳೆಂದು ಅಜ್ಜಿ ಹೇಳುತ್ತಿದ್ದಳು.

ಆಮೇಲೆ ಎದ್ದು, ಸೆರಗು ಹೊದ್ದು, ಬಣ್ಣ ಹಾಕುವ ಖಾಸಿಂಸಾಬನ ಮನೆಗೆ ನಡೆದಳು. ಅವನು ಹೆಮ್ಮೆಯಿಂದ ಬಣ್ಣದ ಪುಡಿಯ ತಗಡಿನ ಡಬ್ಬಿ ತೋರಿಸಿದ. ಮುಂಬಯಿಯಿಂದ ಬಂದದ್ದು, ಬೇರು ಕುಟ್ಟಿ ಅರಗು ಕುದಿಸಿ ಹತ್ತು ದಿನ ಸಾಯುವುದು ತಪ್ಪಿ ಎರಡು ವರ್ಷವಾಯಿತು, ಈಗ ಮಧ್ಯಾಹ್ನದೊಳಗೆ ಬಣ್ಣ ತಯಾರು ಎಂದ. ಮೌಲಾಬಿ ಅವನ ವಂಶವನ್ನೆಲ್ಲ ಬೈದಳು. ಅವನು ಎಲ್ಲ ಕೇಳಿ, “ಸೀರಿ ಉಟ್ಟವರಿಗೆ ಏನೂ ಆಗಿಲ್ಲವಾ ಆಪಾ. ಹಸಿ ಗಾಯಕ್ಕ ಎಣ್ಣಿ ಹಚ್ಚಿ ದಿನಾ ರಾತ್ರಿ ಕಟ್ಟಂತ ನಾ ಏನಾರ ಹೇಳಿದ್ನೇನು?” ಎಂದ.

ಹಿಂತಿರುಗಿ ಬಂದು ಜೋಹರಾಳ ಮುಂದೆ ಕೂತಳು. ನಲವತ್ತಾರು ವರ್ಷದ ಹೆಂಗಸು, ಹದಿನಾರರ ಹುಡುಗಿಗೆ ಕೈ ಮುಗಿದಳು. “ನನ್ನ ಪಟ್ಟಿನ ನಿನ್ನ ಕೈ ತಿಂತು. ನೀ ಕದ್ದಿಲ್ಲ.”

ಜೋಹರಾ ಅಳಲಿಲ್ಲ. “ಕೈದೇನೈತಿ, ಹೋದ್ರ ಹೋಗಲಿ. ನಾ ಕಳ್ಳಿ ಅಲ್ಲ ಅಂತ ಎಲ್ಲಾರ ಮುಂದ ಹೇಳು. ಯಾರ ಮುಂದ ಅಂದಿಯೋ ಅವರ ಮುಂದನ ಹೇಳು” ಎಂದಳು.

“ಹೇಳ್ತೇನಿ. ಅಲ್ಲಾನ ಆಣಿ.”

ಉಳಿದ ಒಂಬತ್ತು ದಿನದಲ್ಲಿ ಬಿಳಿ ಪಟ್ಟಿಯಲ್ಲಿ ಎರಡೂ ಕೈ ವಾಸಿಯಾದವು. ಇಪ್ಪತ್ತೊಂದನೆಯ ಬೆಳಿಗ್ಗೆ ಮೌಲಾಬಿ ಹುಡುಗಿಯನ್ನು ಮುಂದಿಟ್ಟುಕೊಂಡು ಕಾಸಿಂಬಿಯ ಬಾಗಿಲಿಗೆ ಹೋದಳು. ನೀರಿಗೆ ಹೋಗುವ ಹೆಂಗಸರನ್ನೆಲ್ಲ ಕೂಗಿ ನಿಲ್ಲಿಸಿದಳು. ಕಾಸಿಂಬಿ ಸೊಸೆಯ ಬೆರಳಿನ ಮೇಲೆ ರೇಷ್ಮೆ ಎಳೆಯೊಂದನ್ನು ಹಾಕಿ ಎಳೆದು ನೋಡಿದಳು. ಎಲ್ಲೂ ಸಿಕ್ಕದೆ ಜಾರಿತು. ಅತ್ತೆಯ ಮುಖ ಅರಳಿತು.

“ನೋಡ್ರೇ ಎಲ್ಲಾರೂ! ಇಪ್ಪತ್ತೊಂದ ದಿನ ಕದಿಯಾಕ ಸಿಗಲಿಲ್ಲ, ಕೈ ನೆಟ್ಟಗಾತು! ಮೌಲಾಬಿ ಅಂದಿದ್ದು ಖರೇನ ಐತಿ.”

ಹೀಗಾದೀತೆಂದು ಮೌಲಾಬಿ ಎಣಿಸಿರಲೇ ಇಲ್ಲ. ಹುಡುಗಿಯ ಕೈ ವಾಸಿಯಾದದ್ದೇ ಹುಡುಗಿಯ ಮೇಲೆ ಸಾಕ್ಷಿಯಾಗಿತ್ತು. ಅವಳು ಕೂಗಿದಳು. ಡಬ್ಬಿ ಬಣ್ಣದ ಮಾತು ಹೇಳಿದಳು, ಎರಡು ತಂಬಿಗೆಯ ಮಾತು ಹೇಳಿದಳು, ತಪ್ಪು ತನ್ನದು, ಜೋಹರಾಳದಲ್ಲ ಎಂದು ಎದೆ ಬಡಿದುಕೊಂಡು ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೆಂಪು ಸೆರಗು ಆ ಓಣಿಯ ಅನ್ನ. ಸೆರಗಿನ ಬಣ್ಣ ಕೈ ತಿನ್ನುತ್ತದೆ ಎಂಬ ಮಾತು ಊರ ಹೊರಗೆ ಹೋದರೆ ಸೀರೆ ಕೊಳ್ಳುವವರಾರು? ಅದಕ್ಕಿಂತ ಒಬ್ಬ ಸೊಸೆ ಬದನೆಕಾಯಿ ಕದ್ದಳೆಂದು ನಂಬುವುದು ಎಷ್ಟೋ ಸುಲಭ.

“ಭಾಳ ಮೆತ್ತಗಿನ ಮನಸು ನಿಂದು” ಎಂದು ಒಬ್ಬಳು ಮೌಲಾಬಿಯ ಭುಜ ತಟ್ಟಿದಳು. “ಹುಡುಗಿ ಮ್ಯಾಲ ಜೀವ ಹತ್ತೈತಿ, ಅದಕ್ಕ ಮುಚ್ಚಾಕತ್ತಿ.”

ಇಪ್ಪತ್ತು ವರ್ಷದಲ್ಲಿ ಯಾರೂ ಮೌಲಾಬಿಗೆ ಮೆತ್ತಗಿನ ಮನಸ್ಸೆಂದಿರಲಿಲ್ಲ. ಅವಳು ಮನೆಗೆ ಹೋದಳು, ಆದರೆ ಸೋಲೊಪ್ಪುವ ಜಾತಿಯಲ್ಲ. ಮುಂದಿನ ಶುಕ್ರವಾರ ದೊಡ್ಡ ಪರಾತದ ತುಂಬ ಎಣ್ಣೆಗಾಯಿ ಮಾಡಿ ಹೊತ್ತುಕೊಂಡು ಅದೇ ಬಾಗಿಲಿಗೆ ಬಂದಳು. ಮತ್ತೆ ಎಲ್ಲರನ್ನೂ ಕರೆದಳು. “ಈ ಹುಡುಗಿ ಇವತ್ತು ನಿಮ್ಮೆಲ್ಲಾರ ಮುಂದ ಹೊಟ್ಟಿ ತುಂಬ ಬದನಿಕಾಯಿ ತಿಂತಾಳ. ಎಂಟ ದಿನ ತಿಂತಾಳ. ಕೈಯಾಗ ಒಂದು ಗುಳ್ಳಿ ಎದ್ರ ನನ್ನ ಮೂಗು ಕೊಯ್ರಿ!”

ತಾಟಿನಲ್ಲಿ ಎರಡು ಕಾಯಿ ಹಾಕಿ, ರೊಟ್ಟಿ ಇಟ್ಟು, ಜೋಹರಾಳ ಮುಂದೆ ಸರಿಸಿದಳು. ಜೋಹರಾ ತಾಟನ್ನು ನೋಡಿದಳು. ಮೂಗು ಸಿಂಡರಿಸಿದಳು. ಕೈ ಮುಂದೆ ಚಾಚಲಿಲ್ಲ.

“ತಿನ್ನು!” ಎಂದಳು ಮೌಲಾಬಿ.

“ಸೇರೂದಿಲ್ಲ ನಂಗ.”

“ಏನು?”

“ಬದನಿಕಾಯಿ ಸೇರೂದಿಲ್ಲ. ಸಣ್ಣಾಕಿದ್ದಾಗಿಂದ ಸೇರೂದಿಲ್ಲ. ವಾಸನಿ ಬಂದ್ರ ವಾಂತಿ ಬರ್ತೈತಿ. ಇಲ್ಲಿ ತಾಟಿಗೆ ಬಡಿಸಿದ್ದನ್ನ ದಿನಾ ಇವರಿಗೇ ಹಾಕ್ತಿದ್ದೆ.”

ಇವರು ಎಂದರೆ ನನ್ನ ಅಜ್ಜ. ಎಲ್ಲರೂ ಮಗ್ಗದ ಕಡೆ ತಿರುಗಿದರು. ಜಹಾಂಗೀರ ಲಾಳಿ ನಿಲ್ಲಿಸಿ, ತಲೆ ಕೆಳಗೆ ಹಾಕಿ, ಒಂದು ಸಲ ಹೌದೆಂಬಂತೆ ಕತ್ತು ಆಡಿಸಿದ. ಆರು ತಿಂಗಳಲ್ಲಿ ಅದೊಂದು ಸಲ.

ಆದರೆ ಕಾಸಿಂಬಿ ಆಗಲೇ ಚಪ್ಪಾಳೆ ಹೊಡೆದು ನಗುತ್ತಿದ್ದಳು. “ನೋಡಿದ್ರೇನು? ಮುಂದ ತಂದಿಟ್ರೂ ಮುಟ್ಟವಲ್ಲಳು! ಬಿಟ್ಟೇ ಬಿಟ್ಟಾಳ. ಕೈಗೂ ಗುಣ ಬಂತು, ಬುದ್ಧಿಗೂ ಗುಣ ಬಂತು.” ಹೆಂಗಸರೆಲ್ಲ ನಕ್ಕು, ಪರಾತದ ಸುತ್ತ ಕೂತು, ಎಣ್ಣೆಗಾಯಿ ಬಹಳ ಚೆನ್ನಾಗಿದೆ ಎಂದು ಹೊಗಳಿ ತಿಂದು ಮುಗಿಸಿದರು.

ಆಮೇಲೆ ಮೌಲಾಬಿ ಹನ್ನೊಂದು ವರ್ಷ ಬದುಕಿದ್ದಳು. ಕೆಂಪು ಪಟ್ಟಿ ಕಟ್ಟುವುದನ್ನು ಬಿಟ್ಟಳು. ಜನ ಕೆಂಪೇ ಬೇಕೆಂದು ಹಟ ಹಿಡಿದರು, ಬಿಳಿ ಕಟ್ಟಿದರೆ ಮನೆಗೆ ಹೋಗಿ ಅದರ ಮೇಲೊಂದು ಕೆಂಪು ಸುತ್ತಿಕೊಂಡರು. ಅವಳು ಎಲ್ಲಿ ನಾಲ್ಕು ಜನ ಸೇರಿದರೂ, ಮದುವೆಯಿರಲಿ, ಸಾವಿನ ಮೈಯತ್ತಿರಲಿ, ಜೋಹರಾ ಬದನೆಕಾಯಿ ಕದಿಯಲಿಲ್ಲ, ತಪ್ಪು ತನ್ನದು ಎಂದು ಮೊದಲಿನಿಂದ ಹೇಳುತ್ತಿದ್ದಳು. ಜನ ಹೂಂ ಹೂಂ ಎನ್ನುತ್ತಿದ್ದರು. ಹೊಸದಾಗಿ ಬಂದ ಸೊಸೆಯಂದಿರು ಯಾವ ಜೋಹರಾ, ಯಾವ ಬದನೆಕಾಯಿ ಎಂದು ಪಕ್ಕದವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ನನ್ನ ತಂದೆಗೆ ಆರು ವರ್ಷವಿದ್ದಾಗ, ಒಂದು ನಿಕಾಹದ ಊಟದಲ್ಲಿ ಮೌಲಾಬಿ ಮತ್ತೆ ಎದ್ದು ನಿಂತಳು. ಅಜ್ಜಿ ಬೇರೆ ಪಂಕ್ತಿಯಿಂದ ಎದ್ದು ಬಂದು ಅವಳ ಮೊಣಕೈ ಹಿಡಿದು ಕೂರಿಸಿದಳು.

“ಸಾಕು ಬಿಡು ಆಪಾ” ಎಂದಳು. “ಅವರು ಮರ್ತಿರ್ತಾರ. ನೀ ಹೇಳಿದಾಗೊಮ್ಮೆ ಮತ್ತ ನೆನಪ ಮಾಡ್ಕೊಂತಾರ.”